ಅರ್ಧ ನದಿಯ ಒಡತಿ

"ಮೊರೆತ್ ನದಿ ನಮ್ಮ ಮನೆಯವರನ್ನ ಕೇಳದೆ ಒಂದು ಹೆಜ್ಜೆ ಆಚೆ ಇಟ್ಟಿಲ್ಲ, ಒಂದು ಹೆಜ್ಜೆ ಈಚೆ ಇಟ್ಟಿಲ್ಲ. ನಿಜ ಹೇಳ್ಬೇಕಂದ್ರೆ, ನದಿ ಈ ಊರಿಗೆ ಬರೋ ಮೊದಲೇ ನಮ್ಮೋರು ದಡದ ಮೇಲೆ ಕೂತು ಅದರ ದಾರಿ ಕಾಯ್ತಿದ್ರು."

ಸಿದೋನಿ ಈ ಮಾತು ಹೇಳುವುದನ್ನು ಕೇಳದೆ ನಮ್ಮ ಪ್ರೆಲಾಂಜ್ ಊರಿನಲ್ಲಿ ಯಾರೂ ದೊಡ್ಡವರಾಗಿಲ್ಲ. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಹೇಳುತ್ತಿದ್ದಳು, ಚರ್ಚಿನ ಮೆಟ್ಟಿಲ ಮೇಲೆ ಹೇಳುತ್ತಿದ್ದಳು. ಒಮ್ಮೆ ಹಲ್ಲು ಕೀಳಿಸಿಕೊಳ್ಳುವಾಗ ಬಾಯಲ್ಲಿ ಇಕ್ಕಳ ಇದ್ದಂತೆಯೇ ಹೇಳಿದಳಂತೆ. ಕೇಳುತ್ತಾ ಮೈಮರೆತ ಹಲ್ಲಿನ ಡಾಕ್ಟರು ಇಕ್ಕಳವನ್ನು ಅಲ್ಲೇ ಬಿಟ್ಟು ಊಟಕ್ಕೆ ಹೋದರಂತೆ. ಅವಳ ದನಿಯೂ ಅಂಥದ್ದೇ. ಎಡದಂಡೆಯಲ್ಲಿ ನಿಂತು ತನ್ನ ಕೋಳಿಗಳನ್ನು ಕರೆದಳೆಂದರೆ ಬಲದಂಡೆಯ ಕೋಳಿಗಳು ಈಜು ಕಲಿಯುತ್ತಿದ್ದವು. ಸುಳ್ಳಾದರೆ ನನ್ನ ಲೋಟದ ವೈನ್ ನೀರಾಗಲಿ.

ಅವಳ ಜಂಬಕ್ಕೆಲ್ಲ ಮೂಲ ಒಂದೇ ಒಂದು ಮಾತು: ರಿವ್ರೇನ್. ಪಟ್ಟಣದವರು ಈ ಮಾತನ್ನು ಹಾಳು ಮಾಡಿದ್ದಾರೆ. ಬೀದಿಯ ಅಂಚಿನ ಮನೆಯವರೂ ಅಲ್ಲಿ ರಿವ್ರೇನ್ ಅಂತೆ. ಡಾಂಬರಿಗೂ ದಡ ಇದ್ದ ಹಾಗೆ! ನಮ್ಮಲ್ಲಿ ಅದಕ್ಕೆ ತೂಕವಿದೆ. ಯಾರ ನೆಲ ನದಿಗೆ ತಾಗಿದೆಯೋ ಅವರು ರಿವ್ರೇನ್. ಮೊರೆತ್‌ನಂಥ ಚಿಕ್ಕ ನದಿಗಳಲ್ಲಿ ದಡದವರಿಗೆ ದಡವಷ್ಟೇ ಅಲ್ಲ, ಅರ್ಧ ನದಿಯೂ ಸೇರುತ್ತದೆ. ನಟ್ಟನಡುವಿನ ತನಕ ಎಡದವರದು, ಅಲ್ಲಿಂದಾಚೆ ಬಲದವರದು. ಹಕ್ಕಿನ ಜೊತೆಗೆ ಕೆಲಸವೂ ಅಂಟಿಕೊಂಡಿದೆ: ನಿನ್ನ ಅರ್ಧದಲ್ಲಿ ಬಿದ್ದ ಮರ, ಬೆಳೆದ ಮುಳ್ಳು, ಸಿಕ್ಕಿಕೊಂಡ ಕಸ ನೀನೇ ತೆಗೆಯಬೇಕು. ಹಕ್ಕಿನ ಭಾಗ ನಮಗೆಲ್ಲ ಬಾಯಿಪಾಠ. ಕೆಲಸದ ಭಾಗ ಬಂದಾಗ ಮಾತ್ರ ಊರಿಗೆ ಊರೇ ಕೆಮ್ಮುತ್ತದೆ.

ದಡದಿಂದ ಒಂದೇ ಒಂದು ಬೇಲಿ ಹಿಂದಿದ್ದರೂ ಅವನು 'ಒಣಗಾಲಿನವನು'. ಹುಡುಗನಿಗೆ ಒಂದು ಕಣ್ಣು ಮಂಜು, ತಲೆಯೊಳಗೆ ಪೂರ್ತಿ ಮಂಜು, ಆದರೆ ರಿವ್ರೇನ್ ಎಂದರೆ ಹೆಣ್ಣು ಕೊಡುವವರು ಬಾಗಿಲಲ್ಲಿ ನಿಂತಿರುತ್ತಿದ್ದರು. ಸತ್ತಮೇಲೆ ಸಮಾಧಿಯ ಕಲ್ಲಿನ ಮೇಲೂ ಹೆಸರಿನ ಕೆಳಗೆ ಅದನ್ನೇ ಕೆತ್ತುವುದು. ಸಿದೋನಿಯ ಗಂಡ ಬಾಜೀಲ್ ತೀರಿಕೊಂಡಾಗ ಕಲ್ಲುಕುಟಿಗ ಫುಲ್ಜಾನ್ಸ್ ಅವನ ಹೆಸರು ಕೆತ್ತಿದ. ಆಗ ಸಿದೋನಿ, "ಹೇಗಿದ್ರೂ ಉಳಿ ಕೈಲಿದೆ, ನಂದೂ ಕೆತ್ತಿಬಿಡು. ನಾನು ಸತ್ತಮೇಲೆ ನಿನ್ನ ಕಣ್ಣು ಕಾಣ್ಸುತ್ತೋ ಇಲ್ವೋ" ಎಂದು ತನ್ನದನ್ನೂ ಕೆತ್ತಿಸಿಕೊಂಡಳು. ಹೆಸರು, ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಅದರ ಕೆಳಗೆ ದಪ್ಪಕ್ಷರದಲ್ಲಿ: ರಿವ್ರೇನ್.

ಸೆಪ್ಟೆಂಬರ್ ತಿಂಗಳ ಮೊದಲ ಭಾನುವಾರ ದಡದವರ ಊಟ. ಸೇತುವೆಯ ಮೇಲೆ ಈ ತುದಿಯಿಂದ ಆ ತುದಿಗೆ ಮೇಜುಗಳನ್ನು ಜೋಡಿಸುತ್ತೇವೆ. ಎಡದವರು ಎಡಕ್ಕೆ, ಬಲದವರು ಬಲಕ್ಕೆ. ಕರಿದ ಸಣ್ಣ ಮೀನು, ಆಡಿನ ಚೀಸು, ಬಿಳಿ ವೈನ್, ದೊಡ್ಡ ತಾಮ್ರದ ಹಂಡೆಯಲ್ಲಿ ಬೆಂದ ಆಲೂಗೆಡ್ಡೆ. ಆ ಹಂಡೆಗೆ ಒಂದು ಕಟ್ಟಳೆ ಇದೆ. ಪ್ರತಿಯೊಬ್ಬ ರಿವ್ರೇನ್ ಆ ಬೆಳಿಗ್ಗೆ ತನ್ನ ನೆಲದಲ್ಲಿ ನಿಂತು, ಬೇರೆಯವರ ಹುಲ್ಲುಗರಿಯನ್ನೂ ತುಳಿಯದೆ, ನದಿಯಿಂದ ಒಂದು ಹೂಜಿ ನೀರು ತುಂಬಿ ತಂದು ಹಂಡೆಗೆ ಹೊಯ್ಯಬೇಕು. ಹೊಯ್ದವನಿಗೆ ಮೇಜಿನಲ್ಲಿ ಜಾಗ. ಹೊಯ್ಯದವನು ದಂಡೆಯ ಮೇಲೆ ನಿಂತು ವಾಸನೆ ಕುಡಿಯಬಹುದು. ಹಂಡೆ ಕಾಯುವುದು ಕೆಫೆಯ ಒನೊರಿನ್. ಅವಳು ಒಣಗಾಲಿನವಳು, ಆದ್ದರಿಂದ ಎರಡೂ ದಂಡೆಯವರನ್ನು ಒಂದೇ ಸಮ ಬಯ್ಯುತ್ತಾಳೆ.

ಸೇತುವೆಯ ನಟ್ಟನಡುವಿನ ಕುರ್ಚಿ ದಡದವರಲ್ಲೆಲ್ಲ ಹಿರಿಯರದು. ಅವರು ಮೊದಲ ಮೀನು ಬಾಯಿಗಿಟ್ಟು "ನದಿ ಕೊಟ್ಟಿತು, ಕೈ ಹಾಕಿ" ಎನ್ನುವ ತನಕ ಯಾರೂ ತಟ್ಟೆ ಮುಟ್ಟುವಂತಿಲ್ಲ. ಹಲವು ವರ್ಷಗಳಿಂದ ಆ ಕುರ್ಚಿ ಸಿದೋನಿಯದು. ಮೀನು ಬಾಯಿಗಿಡುವ ಮುಂಚೆ ಅವಳು ತನ್ನ ಮನೆತನದ ಚರಿತ್ರೆ ಶುರು ಮಾಡುತ್ತಿದ್ದಳು. ಅದು ಮುಗಿಯುವಷ್ಟರಲ್ಲಿ ಕರಿದ ಮೀನು ತಣ್ಣಗಾಗಿ, ಕೆಲವು ಮತ್ತೆ ಜೀವ ತಳೆದು ನದಿಗೆ ಹಾರುತ್ತಿದ್ದವು.

ಆ ಕುರ್ಚಿಯ ಮೇಲೆ ಕಣ್ಣಿಟ್ಟವನು ಆಂತೆಲ್ಮ್. ಸಿದೋನಿಗಿಂತ ಒಂದು ದ್ರಾಕ್ಷಿ ಕೊಯ್ಲಿನಷ್ಟು ಚಿಕ್ಕವನು, ಮದುವೆಯಾಗದವನು, ಬಲದಂಡೆಯವನು. ಇಬ್ಬರೂ ಒಂದೇ ಶಾಲೆಯ ಬೆಂಚಿನಲ್ಲಿ ಜಗಳ ಶುರುಮಾಡಿ, ಆಮೇಲೆ ಅದನ್ನು ನದಿಯ ಎರಡು ಕಡೆಯಿಂದ ಮುಂದುವರಿಸಿದವರು. ಸಿದೋನಿಯ ಹುಲ್ಲುಗಾವಲಿನ ಬಳಿ ಮೊರೆತ್ ಕುದುರೆಲಾಳದ ಹಾಗೆ ಬಳಸಿ ಹರಿಯುತ್ತಿತ್ತು. ಲಾಳದ ಹೊರಗೆ ಸುತ್ತಲೂ ಸಿದೋನಿಯ ನೆಲ. ಲಾಳದ ಒಳಗೆ, ನಾಲಗೆಯಂತೆ ಚಾಚಿಕೊಂಡದ್ದು ಆಂತೆಲ್ಮನ ಹುಲ್ಲುಗಾವಲು. ಹೀಗಾಗಿ ಮೂರು ದಿಕ್ಕಿನಿಂದಲೂ ಅವನಿಗೆ ಅವಳ ಬಯ್ಗುಳ ಕೇಳುತ್ತಿತ್ತು.

ಒಂದು ಚಳಿಗಾಲ, ಲಾಳ ಶುರುವಾಗುವ ಕಡೆ, ಸಿದೋನಿಯ ದಡದ ಪಾಪ್ಲರ್ ಮರವೊಂದು ನದಿಗೆ ಅಡ್ಡ ಬಿತ್ತು. ಬೇರು ಇವಳ ಕಡೆ, ತಲೆ ಅವನ ಕಡೆ.

"ಆಂತೆಲ್ಮ್! ನಿನ್ನ ಕಡೆ ಬಿದ್ದಿರೋ ತಲೆ ತೆಗಿಯೋ!"

"ಬೇರು ಯಾರ ಕಡೆ ಇದೆ? ಸತ್ತೋರ ಮನೆಯೋರು ತಾನೆ ಹೆಣ ಎತ್ಬೇಕು?"

"ತಲೆ ಬಂದು ನಿನ್ನ ಮಡಿಲಲ್ಲಿ ಬಿದ್ದಿದೆ. ಅಳಿಯ ಅಂದ್ಕೊಂಡು ಉಪಚಾರ ಮಾಡು!"

ಆ ಉಪಚಾರ ವರ್ಷಗಟ್ಟಲೆ ನಡೆಯಿತು. ಕೊನೆಗೆ ಒಂದು ದಿನ ಆಂತೆಲ್ಮ್ ದೋಣಿಯಲ್ಲಿ ಬಂದು, ದಾರ ಹಿಡಿದು ನದಿಯ ನಡುವನ್ನು ಅಳೆದು, ಸರಿಯಾಗಿ ಅಲ್ಲಿಗೇ ಗರಗಸ ಹಾಕಿ, ತನ್ನ ಅರ್ಧ ಮರವನ್ನು ಎಳೆದುಕೊಂಡು ಹೋದ. ಸಿದೋನಿಯ ಅರ್ಧ ಮರ ದಡದಿಂದ ನಡುನೀರಿಗೆ ಕೈ ಚಾಚಿಕೊಂಡು ಹಾಗೆಯೇ ಉಳಿಯಿತು. "ನಿನ್ನದನ್ನೂ ತೆಗೀಬಾರ್ದೇನಮ್ಮ?" ಎಂದು ಒನೊರಿನ್ ಕೇಳಿದರೆ, "ಇರ್ಲಿ ಬಿಡು. ಅದು ನದಿಗೆ ನಾನಿಟ್ಟಿರೋ ಕೈಮರ. ಯಾವ ಕಡೆ ಹೋಗ್ಬೇಕು ಅಂತ ಅದಕ್ಕೂ ಗೊತ್ತಾಗ್ಲಿ" ಎಂದಳು.

ನದಿಗೆ ಗೊತ್ತಾಯಿತು.

ಆ ವರ್ಷದ ಮೇ ತಿಂಗಳ ಮಳೆ ಮಳೆಯಲ್ಲ. ಬಾತುಕೋಳಿಗಳು ಮರವೇರಿ ಕೂತವು. ಒನೊರಿನ್‌ಳ ಪೀಪಾಯಿಯಲ್ಲಿದ್ದ ವೈನ್ ತೆಳ್ಳಗಾಯಿತು. ಅದಕ್ಕೂ ಮಳೆಗೂ ಸಂಬಂಧವಿಲ್ಲ ಎನ್ನುವವರೂ ಇದ್ದಾರೆ. ಮೊರೆತ್ ಉಬ್ಬಿ ಬಂತು, ಅರ್ಧ ಮರಕ್ಕೆ ಡಿಕ್ಕಿ ಹೊಡೆಯಿತು, ಮರ ತೋರಿಸಿದ ಕಡೆಗೇ ತಿರುಗಿತು. ಅಲ್ಲಿದ್ದದ್ದು ಆಂತೆಲ್ಮನ ಹುಲ್ಲುಗಾವಲಿನ ಬುಡ, ನಾಲಗೆ ಗಂಟಲಿಗೆ ಸೇರುವ ಜಾಗ. ಲಾಳವನ್ನೆಲ್ಲ ಬಳಸಿ ಹೋಗುವ ತಾಪತ್ರಯ ಯಾಕೆಂದು ನದಿ ಆ ಬುಡವನ್ನೇ ಕಡಿದು ನೆಟ್ಟಗೆ ಹರಿದುಬಿಟ್ಟಿತು.

ಬೆಳಿಗ್ಗೆ ಸಿದೋನಿ ಎಂದಿನಂತೆ ಕಣ್ಣುಜ್ಜುತ್ತಾ ತನ್ನ ಹುಲ್ಲುಗಾವಲಿನ ಕಲ್ಲುಮೆಟ್ಟಿಲಿಳಿದು ಬಕೆಟ್ಟನ್ನು ನದಿಗೆ ಬಿಟ್ಟಳು. 'ಟಣ್' ಎಂದಿತು. ನೋಡಿದರೆ ಕಲ್ಲು, ಕೆಸರು, ಅಲ್ಲಲ್ಲಿ ಗುಂಡಿಗಳಲ್ಲಿ ಬಾಯಿ ಬಿಡುತ್ತಿದ್ದ ಮೀನು. ನೀರಿನ ಸದ್ದು ಬರುತ್ತಿದ್ದದ್ದು ಆಂತೆಲ್ಮನ ಹುಲ್ಲುಗಾವಲಿನ ಆಚೆಯಿಂದ. ಆ ಹುಲ್ಲುಗಾವಲು ಇದ್ದಲ್ಲೇ ಇತ್ತು, ಆದರೆ ಈಗ ನದಿಯ ಈಚೆ, ಅವಳ ಕಡೆ ಇತ್ತು. ಅದರ ಮೇಲೆ ಅವನ ಹಸುಗಳು ನಿಂತು ಸುತ್ತಲೂ ನೋಡುತ್ತಿದ್ದವು. ಬಲದಂಡೆಯ ಹಸುಗಳಾಗಿ ಮಲಗಿ ಎಡದಂಡೆಯ ಹಸುಗಳಾಗಿ ಎದ್ದಿದ್ದವು, ಪಾಪ.

ಹೊಸ ನದಿಯ ಆಚೆಯಿಂದ ಆಂತೆಲ್ಮ್ ಕೂಗಿದ. "ಸಿದೋನೀ! ಹೇಳದೆ ಕೇಳದೆ ನನ್ನ ಹಸುಗಳನ್ನ ಕರ್ಕೊಂಡು ಹೋಗಿದ್ದೀಯಲ್ಲೇ!"

"ನಾನ್ಯಾಕೆ ಕರ್ಕೊಂಡು ಹೋಗ್ಲಿ? ನದಿ ಮಾಡಿದ್ದು ಕಣೋ!"

"ನದಿ ನಿನ್ನ ಕೇಳದೆ ಹೆಜ್ಜೆ ಇಡಲ್ವಲ್ಲ!"

ಆ ಕಡೆಯ ನಗು ಈ ಕಡೆಗೆ ತಲುಪಿತು. ಸಿದೋನಿಯ ಬಾಯಿಂದ ಉತ್ತರ ಹೊರಡಲಿಲ್ಲ. ಅದೇ ಮೊದಲು ಎಂದು ಊರಿನವರು ಆ ದಿನ ಚರ್ಚಿನ ಗಂಟೆ ಬಾರಿಸಬೇಕೆಂದಿದ್ದರು. ಆಂತೆಲ್ಮ್ ಸೇತುವೆ ಸುತ್ತಿ ಬಂದ. ಅವಳು ಗೇಟು ತೆಗೆದು, "ಹಸುಗಳ ಮುಖ ನೋಡಿ ತೆಗೀತಿದೀನಿ, ನಿನ್ನ ಮುಖ ನೋಡಿ ಅಲ್ಲ" ಎಂದಳು. ಹಸುಗಳು ಮನೆಗೆ ಹೋದವು. ಹುಲ್ಲುಗಾವಲು ಮಾತ್ರ ಎದ್ದು ಹೋಗುವಂತಿರಲಿಲ್ಲ.

ಅಂದು ಮಧ್ಯಾಹ್ನದ ಹೊತ್ತಿಗೆ ಆಂತೆಲ್ಮನಿಗೆ ವಿಷಯ ಪೂರ್ತಿ ಹೊಳೆಯಿತು. ನದಿಯ ಬಲಕ್ಕೆ ಅವನ ನೆಲ. ನದಿಯ ಎಡಕ್ಕೂ, ಆ ಕಡಿದುಹೋದ ನಾಲಗೆಯಿಂದಾಗಿ, ಅವನದೇ ನೆಲ. ಸಿದೋನಿ ಅದರ ಹಿಂದೆ, ಒಣಗಿದ ಹಳೇ ಪಾತ್ರದ ಆಚೆ. ಕೆಫೆಗೆ ಬಂದವನೇ ಎರಡು ಲೋಟ ತರಿಸಿದ.

"ಇನ್ಯಾರು ಬರ್ತಾರೆ?" ಎಂದಳು ಒನೊರಿನ್.

"ಒಂದು ಬಲದಂಡೆಯ ಆಂತೆಲ್ಮನಿಗೆ, ಒಂದು ಎಡದಂಡೆಯ ಆಂತೆಲ್ಮನಿಗೆ. ಇನ್ಮೇಲೆ ನನಗೆ ನಾನೇ ಎದುರು ದಡದವನು. ಬೆಳಿಗ್ಗೆ ಎದ್ದು ನನಗೇ ನಮಸ್ಕಾರ ಹೇಳ್ಕೋಬೇಕು."

"ನಿನಗೆ ನೀನೇ ಬೈಯ್ಕೊಳ್ಳೋದೂ ಕಲ್ತ್ಕೋ. ಅದಕ್ಕೆ ಇಷ್ಟು ದಿನ ಬೇರೆಯೋರು ಇದ್ರು."

"ಅವಳಾ? ಅವಳೀಗ ನಿನ್ನ ಜಾತಿ ಒನೊರಿನ್. ಒಣಗಾಲು. ಸೆಪ್ಟೆಂಬರ್ ಬರ್ಲಿ, ನಡುವಿನ ಕುರ್ಚಿಗೆ ಮೆತ್ತೆ ಹೊಲಿಸ್ತೀನಿ."

ಆ ಬೇಸಿಗೆ ಸಿದೋನಿಗೆ ಉದ್ದವಾಯಿತು. ಬ್ರೆಡ್ಡಿನ ಅಂಗಡಿಯಲ್ಲಿ ಮುಂದಿದ್ದವರು, "ಬಾ ಸಿದೋನಿ ಅಕ್ಕ, ಕಾಲು ಒಣಗಿರ್ಬೇಕು, ಮುಂದೆ ಹೋಗು" ಎಂದು ಜಾಗ ಬಿಡುತ್ತಿದ್ದರು. ಜಗಳ ಮಾಡಿ ಹಿಂದೆ ನಿಲ್ಲುವುದು ಅವಳಿಗೆ ಗೊತ್ತಿತ್ತು, ಮರುಕಕ್ಕೆ ಮುಂದೆ ಹೋಗುವುದು ಗೊತ್ತಿರಲಿಲ್ಲ. ತನ್ನ ದಡದಲ್ಲೇ ನಿಂತು ನೀರು ಸೇದಲು ಹೊಸ ಉಪಾಯಗಳನ್ನೂ ಹೂಡಿದಳು. ಗಾಳದ ಕೋಲಿಗೆ ಕೋಲು ಕಟ್ಟಿ, ಕೋಲಿಗೆ ಮತ್ತೊಂದು ಕೋಲು ಕಟ್ಟಿ, ತುದಿಗೆ ಕೆಟಲ್ ತೂಗಿಬಿಟ್ಟು ಹುಲ್ಲುಗಾವಲಿನ ಮೇಲಿಂದ ಬೀಸಿದಳು. ಕೋಲು ಎಷ್ಟು ಉದ್ದವಿತ್ತೆಂದರೆ ಈ ತುದಿಯಲ್ಲಿ ಅವಳು ಬೀಸಿದ್ದು ಆ ತುದಿಗೆ ಗೊತ್ತಾಗುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಕೊನೆಗೆ ಕೆಟಲ್ ಸಿಕ್ಕಿಹಾಕಿಕೊಂಡದ್ದು ಪಾದ್ರಿಗಳ ಸೈಕಲ್ಲಿಗೆ.

ಒಂದು ಮಧ್ಯಾಹ್ನ ಅವಳು ಸ್ಮಶಾನಕ್ಕೆ ಹೋದಳು. ಫುಲ್ಜಾನ್ಸ್ ಯಾರದೋ ಕಲ್ಲಿಗೆ ಹೊಳಪು ಕೊಡುತ್ತಿದ್ದ.

"ಬಾಜೀಲ್‌ದು ಏನೂ ತೊಂದ್ರೆ ಇಲ್ಲಮ್ಮ," ಎಂದ ಅವನು, ಕೇಳುವ ಮುಂಚೆಯೇ. "ಅವನು ರಿವ್ರೇನ್ ಆಗೇ ಸತ್ತ, ಅದು ಗಟ್ಟಿ. ನಿಂದೇ ಸ್ವಲ್ಪ…"

"ನಂದೇನು?"

"ಕೆತ್ತಿದ್ದನ್ನ ಅಳಿಸಿದ್ರೆ ಕಲ್ಲು ಗುಳಿ ಬೀಳುತ್ತೆ. ಬೇಕಾದ್ರೆ ಮುಂದುಗಡೆ 'ಮಾಜಿ' ಅಂತ ಸೇರಿಸ್ಬೋದು. ಅಳೆದು ನೋಡಿದೀನಿ, ಜಾಗ ಸಾಕಾಗುತ್ತೆ."

"ಅಳೆದು ಬೇರೆ ನೋಡಿದೀಯಾ!"

"ಸುಮ್ನೆ, ಕೈ ಬಿಡುವಿತ್ತು," ಎಂದು ಫುಲ್ಜಾನ್ಸ್ ಉಳಿಯ ಕಡೆ ನೋಡಿದ. "ಆದ್ರೂ ಒಂದು ಮಾತು ಹೇಳ್ತೀನಿ, ಬೈಬೇಡ. ನದಿ ತಿರುಗಿಸಿದ್ದು ನಿನ್ನರ್ಧ ಮರ. ಆ ಮರ ನೀನು ತೆಗೆಸಿದ್ದಿದ್ರೆ ಅದು ಈಗ್ಲೂ ನಿನ್ನ ಮೆಟ್ಟಿಲು ನೆಕ್ತಾ ಇರ್ತಿತ್ತು."

ಸಿದೋನಿ ಬಯ್ಯಲಿಲ್ಲ. ಬಾಜೀಲನ ಕಲ್ಲಿನ ಪಕ್ಕದಲ್ಲಿ ಕೂತಳು. ಹೆಸರಿನ ಕೆಳಗೆ 'ಮಾಜಿ' ಎಂದು ಹೊತ್ತುಕೊಂಡು ಗಂಡನ ಪಕ್ಕ ಮಲಗುವುದು ಹೇಗೆ? ಅವನಿಗೋ ಸಾಯುವ ದಿನದ ತನಕ ಕಿಟಕಿ ತೆಗೆದಿಡಬೇಕಿತ್ತು, ನೀರಿನ ಸದ್ದಿಲ್ಲದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಈಗ ಅದೇ ಕಿಟಕಿ ತೆಗೆದರೆ ಕಪ್ಪೆ ಕೂಡ ಕೂಗದು. ಮನೆಯೊಳಗೆ ಗಡಿಯಾರವೊಂದು ಇತ್ತೆಂಬುದೇ ಆ ಬೇಸಿಗೆ ಅವಳಿಗೆ ಹೊಸದಾಗಿ ಗೊತ್ತಾದದ್ದು. ಎಲ್ಲರೂ ಕುರ್ಚಿಯ ವಿಷಯ ಮಾತಾಡುತ್ತಿದ್ದರು. ಅವಳಿಗೆ ಕುರ್ಚಿ ಹೋದರೆ ಹೋಗಲಿ ಎನಿಸುತ್ತಿತ್ತು (ಹತ್ತು ನಿಮಿಷ ಮಾತ್ರ; ಆಮೇಲೆ ಕುರ್ಚಿಯೂ ಬೇಕೆನಿಸುತ್ತಿತ್ತು). ಆ ಒಂದು ಮಾತು ಹೋದರೆ ತಾನು ಯಾರು ಎಂದು ಯಾರನ್ನು ಕೇಳಬೇಕು?

ಆಗಸ್ಟ್ ಕೊನೆಗೆ ಅವಳು ಒನೊರಿನ್‌ಳನ್ನೇ ಕೇಳಿದಳು. ಒನೊರಿನ್ ಲೋಟ ಒರೆಸುತ್ತಾ ನೇರವಾಗಿ ಹೇಳಿದಳು: "ನಿನಗೊಂದು, ಬೇರೆಯೋರಿಗೊಂದು ಕಟ್ಟಳೆ ಮಾಡಕ್ಕಾಗಲ್ಲಮ್ಮ. ಭಾನುವಾರ ಹನ್ನೆರಡರ ಗಂಟೆ ಬಾರಿಸೋ ಒಳಗೆ ನಿನ್ನ ನೆಲದಿಂದ ಹೂಜಿ ತುಂಬ್ಕೊಂಡು ಬಾ. ಇಲ್ಲದಿದ್ರೆ ನನ್ನ ಪಕ್ಕ ಹಂಡೆ ಹತ್ರ ನಿಂತ್ಕೋ. ಒಣಗಾಲಿನೋರ ಜೊತೆ ಮಾತುಕತೆ ಏನೂ ಕಮ್ಮಿ ಇರಲ್ಲ."

"ಅವನ ಹುಲ್ಲು ತುಳಿದು ಹೋದ್ರೆ?"

"ಅವನು ಬೇಡ ಅಂದೇ ಅಂತಾನೆ. ಹೂಂ ಅಂದ್ರೂ ಆಗಲ್ಲ. ನಿನ್ನ ನೆಲ ಆಗ್ಬೇಕು."

ಊಟದ ಹಿಂದಿನ ದಿನ, ಶನಿವಾರ, ದಡ ಸವರುವ ದಿನ. ಊರಿನ ರಿವ್ರೇನ್‌ಗಳೆಲ್ಲ ಕುಡುಗೋಲು ಹಿಡಿದು ಅವರವರ ಅರ್ಧಕ್ಕೆ ಇಳಿಯಬೇಕು. ಸಿದೋನಿ ಬಾಗಿಲು ಹಾಕಿಕೊಂಡು ಒಳಗೆ ಕೂತು, ಸಿಪ್ಪೆ ಸುಲಿಯುವ ಅಗತ್ಯವಿಲ್ಲದ ಬಟಾಣಿ ಸುಲಿಯುತ್ತಿದ್ದಳು. ಒನೊರಿನ್ ಏದುಸಿರು ಬಿಡುತ್ತಾ ಬಂದಳು.

"ನಿನ್ನ ಆಂತೆಲ್ಮನ ಕತೆ ಕೇಳಿದ್ಯಾ?"

"ನನ್ನ ಆಂತೆಲ್ಮ್ ಅಲ್ಲ."

"ಯಾರದೋ ಒಬ್ಬರದು. ಹಳೇ ಪಾತ್ರದಲ್ಲಿ ಮುಳ್ಳು, ತುರಿಕೆ ಗಿಡ ಎದೆಮಟ್ಟ ಬೆಳೆದಿದೆ, ಮಳೆಗಾಲದಲ್ಲಿ ಕಸ ಎಲ್ಲ ಸೇತುವೆಗೆ ಬಂದು ಬಡಿಯುತ್ತೆ, ಸವರಪ್ಪಾ ಎರಡು ದಡದ ದೊರೇ ಅಂದೆ. ಏನಂದ ಗೊತ್ತಾ? 'ಹಳೇ ಪಾತ್ರದಲ್ಲಿ ಅರ್ಧ ಅವಳದ್ದು. ನನ್ನರ್ಧ ನಾನು ಸವರ್ತೀನಿ, ಅವಳರ್ಧ ಅವಳೇ ಸವರ್ಲಿ. ಒಂದು ಗಿಡಾನೂ ಹೆಚ್ಚಿಗೆ ಮುಟ್ಟಲ್ಲ' ಅಂತ! ಕುರ್ಚಿಗೆ ಎರಡು ದಡದೋನು, ಕುಡುಗೋಲಿಗೆ ಅರ್ಧ ಹಳ್ಳದೋನು. ನಾಚ್ಕೆ ಇಲ್ಲದ್ದು."

ಸಿದೋನಿಯ ಕೈಯಲ್ಲಿದ್ದ ಬಟಾಣಿ ಹಾಗೇ ನಿಂತಿತು. "ಅರ್ಧ ನಂದು ಅಂದ್ನಾ? ಅವನ ಬಾಯಲ್ಲೇ?"

"ಕೆಫೆ ತುಂಬ ಜನ ಇದ್ರು."

ಸಿದೋನಿ ನಕ್ಕಳು. ಮೇ ತಿಂಗಳ ನಂತರ ಮೊದಲ ಸಲ. ಒಲೆಯ ಮೇಲಿದ್ದ ಹಾಲು ಆ ನಗುವಿಗೆ ಬೆದರಿ ಉಕ್ಕದೆ ಕೆಳಗಿಳಿಯಿತು. "ತಡಿ, ಒನೊರಿನ್. ಕುಡುಗೋಲು ಎಲ್ಲಿಟ್ಟೆ ನೋಡ್ತೀನಿ. ಪಾಪ, ಅ‌ವನು ಹೇಳೋದ್ರಲ್ಲಿ ನ್ಯಾಯ ಇದೆ."

ಅರ್ಧ ಗಂಟೆಯಲ್ಲಿ ಅವಳು ಹಳೇ ಪಾತ್ರದಲ್ಲಿದ್ದಳು. ಆಚೆ ಅಂಚಿನಲ್ಲಿ ಆಂತೆಲ್ಮ್ ತನ್ನ ಕುಡುಗೋಲಿಗೆ ಒರಗಿ ನಿಂತಿದ್ದ. ಅವಳು ತಲೆ ಬಗ್ಗಿಸಿ ಗಿಡ ಕಡಿಯುವುದನ್ನು ಹುಟ್ಟಿದಾಗಿನಿಂದ ನೋಡಿರದ ಅವನಿಗೆ ಸ್ವರ್ಗ ಮೂರೇ ಗೇಣು.

"ಅಲ್ಲೊಂದು ಬಿಟ್ಟೆ ನೋಡು."

"ಇದಾ? ಇದೂ ನಂದೇನಾ?"

"ನಿಂದೇ! ನಿನ್ನ ದಡದ ಕಡೆ ಇದ್ಯಲ್ಲ. ಅದೂ ನಿಂದೇ. ಆ ಮುಳ್ಳೂ ನಿಂದೇ."

"ಇನ್ನೂ ಮುಂದಕ್ಕೂ ನಂದಾ ಆಂತೆಲ್ಮ್? ಸೊಂಟ ಬಿದ್ದು ಹೋಯ್ತು."

"ನೀರಿನ ತನಕ ನಿಂದೇ! ಸೊಂಟ ಬಿದ್ರೆ ಎತ್ಕೊಂಡು ಕೆಲಸ ಮಾಡು!"

ನದಿ ಮೊದಲು ಲಾಳವನ್ನು ಸುತ್ತಿ ಬಂದು ಸೇರುತ್ತಿದ್ದ ಕೆಳತುದಿಯಲ್ಲಿ ಹಳೇ ಪಾತ್ರ ಹೊಸ ನದಿಗೆ ಬಾಯಿ ತೆರೆದುಕೊಂಡಿತ್ತು. ಅಲ್ಲಿಯ ತನಕ ಸಿದೋನಿ ಮೆಟ್ಟಿಲಿನಿಂದ ಹಿಡಿದು ಒಂದು ಅಚ್ಚುಕಟ್ಟಾದ ದಾರಿ ಸವರಿದಳು. ಸಂಜೆ ಆಂತೆಲ್ಮ್ ಕೆಫೆಯಲ್ಲಿ ಕೂತು, ಅವಳನ್ನು ತಾನು ಹೇಗೆ ದುಡಿಸಿದೆ, ಒಂದೊಂದು ಗಿಡವನ್ನೂ ಬೆರಳಿಟ್ಟು ಹೇಗೆ ತೋರಿಸಿದೆ ಎಂದು ಎಲ್ಲರಿಗೂ ಹೇಳಿದ. ಕೇಳದವರಿಗೆ ವೈನ್ ಕುಡಿಸಿ ಹೇಳಿದ.

ಭಾನುವಾರ ಬಿಸಿಲು ಬೆಣ್ಣೆಯ ಹಾಗೆ ಬಿದ್ದಿತ್ತು. ಸೇತುವೆಯ ಮೇಲೆ ಹಂಡೆ ಏರಿತ್ತು. ಒಬ್ಬೊಬ್ಬರಾಗಿ ಹೂಜಿ ತಂದು ಹೊಯ್ದರು. ಆಂತೆಲ್ಮ್ ಬಲದಂಡೆಯಲ್ಲಿ ಒಂದು ಹೂಜಿ ತುಂಬಿ ತಂದು ಹೊಯ್ದ. ಎಡದಂಡೆಯ ತನ್ನ ನಾಲಗೆಗೆ ಸಿದೋನಿಯ ಗೇಟಿನ ಮೂಲಕವೇ ಹೋಗಬೇಕು, ಹೋದರೆ ಬೇರೆಯವರ ಹುಲ್ಲು ತುಳಿದಂತೆ. ಅದಕ್ಕೆ ದೋಣಿಯಲ್ಲಿ ಹೋಗಿ ಇಳಿದು ಎರಡನೇ ಹೂಜಿಯನ್ನೂ ತಂದ. ನಡುವಿನ ಕುರ್ಚಿಯ ಮೇಲೆ ಹೊಸ ಮೆತ್ತೆ ಆಗಲೇ ಕೂತಿತ್ತು.

ಆಗ ಸಿದೋನಿ ತನ್ನ ಮನೆಯಿಂದ ಹೊರಟಳು. ಹಬ್ಬದ ಕರಿ ಗೌನು, ಹೊಳೆಯುವ ಶೂ, ಕೈಯಲ್ಲಿ ಹೂಜಿ. ತನ್ನ ಕಲ್ಲುಮೆಟ್ಟಿಲುಗಳನ್ನು ಇಳಿದಳು. ಕೊನೆಯ ಮೆಟ್ಟಿಲಿನ ಮೇಲೆ ನಿಲ್ಲಲಿಲ್ಲ, ಹಳೇ ಪಾತ್ರಕ್ಕಿಳಿದು ನಿನ್ನೆ ಸವರಿದ ದಾರಿಯಲ್ಲಿ ನಡೆದಳು.

"ಎಲ್ಲಿಗೆ ಹೋಗ್ತಿದಾಳೆ ಇವಳು?" ಎಂದ ಆಂತೆಲ್ಮ್. ಊರೆಲ್ಲ ಸೇತುವೆ ಬಿಟ್ಟು ದಂಡೆಗುಂಟ ಅವಳ ಜೊತೆ ಜೊತೆಗೇ ಹೊರಟಿತ್ತು. ಆಂತೆಲ್ಮ್ ದೋಣಿಗೆ ಹಾರಿ ಹುಟ್ಟು ಹಾಕಿದ.

ಕೆಳತುದಿಯಲ್ಲಿ ಒಣನೆಲ ಮುಗಿದು ಕೆಸರು ಶುರುವಾಗಿತ್ತು. ಸಿದೋನಿ ಒಂದು ಹೆಜ್ಜೆ ಇಟ್ಟಳು, ಕಣಕಾಲು ಹೋಯಿತು. ಇನ್ನೊಂದು ಇಟ್ಟಳು, ಶೂ ಹೋಯಿತು. ಅದು ಇಂದಿಗೂ ಸಿಕ್ಕಿಲ್ಲ. ಮುಂದೆ ಒಂದು ಮಾರು ದೂರದಲ್ಲಿ ಮೊರೆತ್ ಹರಿಯುತ್ತಿತ್ತು. ಅಲ್ಲಿ ಅಡ್ಡಲಾಗಿ ಆಂತೆಲ್ಮನ ದೋಣಿ ಬಂದು ನಿಂತಿತು.

"ನಿಲ್ಲು! ಅದು ನೆಲ ಅಲ್ಲ! ನೆಲದ ಮೇಲೆ ನಿಂತು ತುಂಬ್ಬೇಕು. ಅದು ನದಿ ಪಾತ್ರ. ನದಿ! ಕೇಳಿ ಎಲ್ರೂ, ಅದು ನದಿ!"

ಸಿದೋನಿ ಉಸಿರು ತೆಗೆದುಕೊಂಡಳು. "ನದೀನಾ? ಸರಿ. ಹಾಗಾದ್ರೆ ನದಿ ಈಗ್ಲೂ ನನ್ನ ಮೆಟ್ಟಿಲಿನ ತನಕ ಇದೆ. ನಾನು ರಿವ್ರೇನ್."

"ಅಲ್ಲಲ್ಲ! ನೀರಿಲ್ಲದ ಮೇಲೆ ಅದೆಂಥ ನದಿ? ಅದು ನೆಲ…"

"ನೆಲಾನಾ? ಸರಿ. ಅರ್ಧ ನಂದು ಅಂತ ನಿನ್ನೆ ನೀನೇ ನಿಂತು ಸವರಿಸಿದೀಯ, ನೀರಿನ ತನಕ. ನನ್ನ ನೆಲದಲ್ಲಿ ನಿಂತಿದೀನಿ, ನೀರು ಮುಂದಿದೆ. ಆಗ್ಲೂ ನಾನು ರಿವ್ರೇನ್. ಎರಡರಲ್ಲಿ ಯಾವುದು ಬೇಕೋ ಆರಿಸ್ಕೋ ಆಂತೆಲ್ಮ್. ಬೇಗ ಆರಿಸು, ಮೊಣಕಾಲು ಹೂತು ಹೋಗ್ತಿದೆ."

ಆಂತೆಲ್ಮ್ ಬಾಯಿ ತೆರೆದ. ಮುಚ್ಚಿದ. ಆ ಹೊತ್ತಿನಲ್ಲಿ ನೊಣವೊಂದು ಒಳಗೆ ಹೋಗಿ, ಸುತ್ತಾಡಿ, ಏನೂ ಸಿಗದೆ ಹೊರಗೆ ಬಂತು ಎಂದು ಹತ್ತಿರ ನಿಂತಿದ್ದ ಫುಲ್ಜಾನ್ಸ್ ಹೇಳುತ್ತಾನೆ. ದಂಡೆಯ ಮೇಲಿನವರು ಒನೊರಿನ್‌ಳ ಮುಖ ನೋಡಿದರು. ಅವಳು ಸೊಂಟದ ಮೇಲೆ ಕೈಯಿಟ್ಟು, "ನಿನ್ನೆ ನನ್ನ ಕೆಫೆಯಲ್ಲಿ ಒಂದೊಂದು ಗಿಡಾನೂ ಹೆಸರಿಟ್ಟು ಹೇಳಿದ್ಯಲ್ಲಪ್ಪ! ದೋಣಿ ತೆಗಿ ಆಚೆಗೆ, ಹಂಡೆ ಆರ್ತಾ ಇದೆ" ಎಂದಳು.

ದೋಣಿ ಸರಿಯಿತು. ಸಿದೋನಿ ಬಗ್ಗಿ ಹೂಜಿ ತುಂಬಿದಳು. ಆಮೇಲೆ ಹಿಂದಕ್ಕೆ ಬರಲು ಕಾಲು ಬರಲಿಲ್ಲ. ಫುಲ್ಜಾನ್ಸ್ ಹಗ್ಗ ಎಸೆದ, ಎಡದಂಡೆಯವರೆಲ್ಲ ಸೇರಿ ಎಳೆದರು; ಅವಳು ಹೊರಬಂದಾಗ ಆದ ಸದ್ದಿಗೆ ಪಕ್ಕದೂರಿನವರು ಮದುವೆಯ ವೈನ್ ಬಾಟಲಿ ತೆರೆದರೆಂದುಕೊಂಡರು. ಇಷ್ಟರಲ್ಲೂ ಹೂಜಿಯ ಒಂದು ಹನಿ ಚೆಲ್ಲಲಿಲ್ಲ. ಹನ್ನೆರಡರ ಗಂಟೆ ಬಾರಿಸುವಾಗ ಅವಳು ಅದನ್ನು ಹಂಡೆಗೆ ಹೊಯ್ದಳು. ಕಾಫಿಯ ಬಣ್ಣದ ನೀರು, ಜೊತೆಗೆ ಒಂದು ಸಣ್ಣ ಕಪ್ಪೆ. ಕಪ್ಪೆ ಬಿಸಿಯ ಸುಳಿವು ಹತ್ತಿ ಹಂಡೆಯ ಅಂಚಿನಿಂದಲೇ ಹಾರಿ ಬಲದಂಡೆಯವರ ಕಡೆ ಹೋಯಿತು. ಆ ವರ್ಷದ ಆಲೂಗೆಡ್ಡೆಗೆ ಕೆಸರಿನ ರುಚಿ ಇತ್ತು. ಹಾಗೆಂದು ಯಾರೂ ಹೇಳಲಿಲ್ಲ. ಎರಡು ಸಲ ಹಾಕಿಸಿಕೊಂಡವರೂ ಇದ್ದಾರೆ.

ನಡುವಿನ ಕುರ್ಚಿಯಲ್ಲಿ ಸಿದೋನಿ ಒಂದು ಶೂ ಹಾಕಿಕೊಂಡು ಕೂತಳು. ಮೆತ್ತೆ ಹಿತವಾಗಿದೆ ಎಂದಳು. ಎಲ್ಲರೂ ಮನೆತನದ ಚರಿತ್ರೆಗೆ ಸಿದ್ಧರಾಗಿ ಬೆನ್ನು ಒರಗಿಸಿದರು. ಆದರೆ ಅವಳು ಮೀನನ್ನು ಬಾಯಿಗಿಟ್ಟು, "ನದಿ ಕೊಟ್ಟಿತು. ಮರ ನಾನು ಈ ವಾರವೇ ತೆಗೆಸ್ತೀನಿ. ಕೈ ಹಾಕಿ," ಎಂದು ಇಷ್ಟಕ್ಕೇ ಮುಗಿಸಿದಳು. ಬಿಸಿ ಮೀನು ತಿಂದು ಅಭ್ಯಾಸವಿಲ್ಲದ ನಮ್ಮೂರಿನ ಅರ್ಧ ಜನಕ್ಕೆ ಅಂದು ನಾಲಗೆ ಸುಟ್ಟಿತು.

ಊಟ ಇಳಿಯುವ ಹೊತ್ತಿಗೆ, ವೈನ್ ಎಲ್ಲರ ಮನಸ್ಸನ್ನೂ ಮೆತ್ತಗೆ ಮಾಡಿದ ಮೇಲೆ, ಆಂತೆಲ್ಮ್ ಲೋಟ ಹಿಡಿದು ಅವಳ ಬಳಿ ಬಂದ. ಮೀಸೆಯನ್ನು ನೆಟ್ಟಗೆ ಮಾಡಿಕೊಂಡ.

"ನನ್ನ ಹುಲ್ಲು ನಿನ್ನ ಕಡೆ ಕೊಯ್ಲಿಗೆ ಬಂದು ನಿಂತಿದೆ ಸಿದೋನಿ. ದೋಣೀಲಿ ಎಷ್ಟು ಅಂತ ತರ್ಲಿ? ಗಾಡಿ ತರ್ಬೇಕಂದ್ರೆ ನಿನ್ನ ಗೇಟೇ ಗತಿ."

"ಗೇಟು ತೆಗೀತೀನಿ. ಕೇಳಿದ್ರೆ ತೆಗೀದೆ ಇರೋಳಲ್ಲ ನಾನು."

ಅಷ್ಟಕ್ಕೇ ಅವನು ಹೋಗಬಹುದಿತ್ತು. ಹೋಗಲಿಲ್ಲ. ಸುತ್ತ ಕೂತವರು ಮಾತು ನಿಲ್ಲಿಸಿದ್ದನ್ನೂ ನೋಡಲಿಲ್ಲ.

"ಅಲ್ಲ ಕಣೆ, ಇಷ್ಟು ವರ್ಷ ಆ ಕಡೆಯಿಂದ ನಾನು, ಈ ಕಡೆಯಿಂದ ನೀನು ಕಿರುಚಾಡಿದ್ದಾಯ್ತು. ಕೇಳಿ ಕೇಳಿ ನದಿಗೇ ಬೇಜಾರಾಗಿ ಎದ್ದು ಪಕ್ಕಕ್ಕೆ ಹೋಗಿದೆ. ನಂದು ನಿಂದು ಎಲ್ಲ ಒಂದೇ ದಡಕ್ಕೆ ತಂದು ಹಾಕಿದೆ. ನಾವೂ ಒಂದಾಗ್ಲಿ ಅಂತ ಅದರ ಇಷ್ಟ ಇರ್ಬೋದಾ?"

ಸಿದೋನಿ ಲೋಟದ ಕೊನೆಯ ಗುಟುಕು ಮುಗಿಸಿ, ಬಾಯಿ ಒರೆಸಿಕೊಂಡು, ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ಸರಿಯಾಗಿ ನೋಡ್ಕೊಳ್ಳಪ್ಪ. ನದಿಗೆ ನಮ್ಮಿಬ್ಬರಿಗಿಂತ ಬುದ್ಧಿ ಜಾಸ್ತಿ. ಹುಲ್ಲನ್ನ ಈಚೆ ತಂತು, ಹಸುಗಳನ್ನ ಈಚೆ ತಂತು. ಕತ್ತೇನ ಮಾತ್ರ ಆಚೆ ದಡದಲ್ಲೇ ಬಿಟ್ಟು ಬಂತು."